ಪಡಸಾಲೆಯ ಇಂಗ್ಲಿಷು, ಬೆಳ್ಳಿಯ ಕರಡಿಗೆ

"ಬೇಗಂ ಸಾಹೇಬ್ರ, ಲಗೂನ ಬರ್ರಿ! ನಮ್ಮ ಹುಡುಗನ್ನ ಕಳ್ಳ ಅನ್ನಾಕತ್ತಾರ!"

ಬಾಗಿಲಲ್ಲಿ ನಿಂತಿದ್ದ ಚನ್ನಮಲ್ಲಮ್ಮನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಕಾದ ಅಂಗಳವನ್ನು ಬರಿಗಾಲಲ್ಲೇ ದಾಟಿ ಬಂದಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಶೇಖಮ್ಮ ತಲೆ ಎತ್ತಿದಳು. 'ನಮ್ಮ ಹುಡುಗ' ಎಂಬ ಮಾತು ಅವಳನ್ನು ಚುಚ್ಚಿತು.

ಹೆಣ್ಣುಮಕ್ಕಳ ಉರ್ದು ಶಾಲೆಯಿಂದ ನಿವೃತ್ತರಾದ ಸರ್ವರಿ ಬೇಗಂ ಆ ಓಣಿಯ ಪತ್ತೇದಾರರೇ ಸರಿ. ಕಳೆದ ಓಲೆಯಿಂದ ಹಿಡಿದು ಓಡಿಹೋದ ಅಳಿಯನ ತನಕ ಎಲ್ಲವನ್ನೂ ಅವರೇ ಹುಡುಕಿಕೊಡಬೇಕು. ಗಿಲ್ಲೆಸುಗೂರಿನ ಶೇಖಮ್ಮ ಗಂಡ ಸತ್ತ ಮೇಲೆ ಬಟ್ಟೆ ಹೊಲಿದುಕೊಂಡು ಅವರ ಮನೆಯಲ್ಲೇ ಉಳಿದಿದ್ದಳು. ಮಧ್ಯಾಹ್ನಗಳೆಲ್ಲ ಅವರಿಬ್ಬರ ಮಾತುಕತೆಗೆ ಮೀಸಲಾಗಿದ್ದವು. ಎಂಬತ್ಮೂರನೆಯ ಇಸವಿಯಲ್ಲಿ ಪಕ್ಕದ ಮನೆಯ ಚನ್ನಮಲ್ಲಮ್ಮ, ಕಾಲೇಜು ಓದಲು ಬಂದ ಸೂಡಾನ್, ಇರಾನ್ ಹುಡುಗರಿಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕಲಿಸತೊಡಗಿದಳು. ಅಂದಿನಿಂದ ಬೇಗಂ ದಿನಾ ಅಲ್ಲಿ. ಗೋಡೆಯಾಚೆಯಿಂದ ನಗು ಬಂದಾಗಲೆಲ್ಲ ಶೇಖಮ್ಮನ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಇಳಿಯುತ್ತಿತ್ತು. ಆ ದಿನ ಮಾತ್ರ ಮಂಡಿ ನೋವೆಂದು ಬೇಗಂ ಮನೆಯಲ್ಲೇ ಉಳಿದಿದ್ದರು.

"ನಡಿ ಶೇಖಮ್ಮಾ. ನಿನ್ನ ಕಣ್ಣು ನನ್ನ ಕಣ್ಣಿಗಿಂತ ಚುರುಕು," ಎಂದು ಬೇಗಂ ಕೋಲು ಹಿಡಿದರು. ಅಷ್ಟಕ್ಕೇ ಶೇಖಮ್ಮನ ಸಿಟ್ಟು ಅರ್ಧ ಕರಗಿತು.

ಪಡಸಾಲೆಯಲ್ಲಿ ಸೂಡಾನಿನ ಇದ್ರಿಸ್ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. "ಐ ಡಿಡ್ ನಾಟ್ ಟೇಕ್... ಮೇಡಂ, ಐ..." ಎನ್ನುತ್ತ ತಡವರಿಸಿದ. ಚಹಾ ಕೇಳುವ, ದಾರಿ ಕೇಳುವ ಮಾತೆಲ್ಲ ಕಲಿತಿದ್ದ. ತಾನು ಕಳ್ಳನಲ್ಲ ಎಂದು ನಂಬಿಸುವ ಪಾಠ ಇನ್ನೂ ಆಗಿರಲಿಲ್ಲ.

ಕಳುವಾದದ್ದು ಚನ್ನಮಲ್ಲಮ್ಮ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ. ಬೆಳಿಗ್ಗೆ ಶಿವದಾರ ಕಡಿದಿತ್ತು. ಹೊಸ ದಾರ ತರುವ ತನಕ ಅದನ್ನು ಗೋಡೆಯೊಳಗಿನ ದೇವರ ಮಾಡದಲ್ಲಿ ಇಟ್ಟಿದ್ದಳು. ಪಾಠದ ನಡುವೆ ನೀರಿಗೆಂದು ಒಳಗೆ ಹೋದಾಗ ಮಾಡದಲ್ಲಿ ಕರಡಿಗೆ ಇರಲಿಲ್ಲ. ಕೂಗಿಕೊಂಡಳು. ಎಲ್ಲರೂ ಹುಡುಕಿದಾಗ ಅದು ನಡುಮನೆಯ ಗೂಟಕ್ಕೆ ನೇತುಹಾಕಿದ್ದ ಇದ್ರಿಸನ ಚೀಲದಲ್ಲಿ ಸಿಕ್ಕಿತು.

"ಮದಲ ಠಾಣೆಗೆ ಹೋಗೂಣು," ಎಂದ ಮಹಾಂತಯ್ಯ ಮಾಸ್ತರ. ಅವನು ಗ್ರಾಮರ್ ಹೇಳಿಕೊಡುತ್ತಿದ್ದವನು. ಹುಡುಗರೆಲ್ಲ ಅವನನ್ನು ಬಿಟ್ಟು ಇಲ್ಲಿಗೆ ಬಂದಿದ್ದರೂ ದಿನಾ ಚಹಾಕ್ಕೆ ಹಾಜರಾಗುತ್ತಿದ್ದ. ಬಿಸಿಲಲ್ಲಿ ನಡೆದು ಬಂದು ಬೆವರಿಗೆ ಅವನ ಹಣೆಯ ವಿಭೂತಿ ಹುಬ್ಬಿನ ತನಕ ಇಳಿದಿತ್ತು. "ನಮ್ಮ ಧರ್ಮದ ಗಂಧ ಗೊತ್ತಿಲ್ಲದವರನ್ನ ಮನಿಯೊಳಗ ಬಿಟ್ಟರ ಹಿಂಗ ಆಗತದ."

"ಠಾಣೆ ಬ್ಯಾಡ್ರಿ ಅಯ್ಯನವರ," ಎಂದ ಚನ್ನಮಲ್ಲಮ್ಮನ ಗಂಡ ದೊಡ್ಡಪ್ಪ. ಮಾನ್ವಿಯಲ್ಲಿ ಅವನ ಅಕ್ಕಿ ಗಿರಣಿ. ಶನಿವಾರ ಮನೆಗೆ ಬರುವ ರೂಢಿ. ಈಗಷ್ಟೇ ಬಸ್ಸಿಳಿದು ಬಂದೆ, ಗದ್ದಲ ಕೇಳಿ ಒಳಗೆ ಬಂದೆ ಎಂದಿದ್ದ. "ಈ ಕ್ಲಾಸು ಬಂದ್ ಆದರ ಸಾಕು."

"ಕಂಪ್ಲೇಂಟ್ ಹೋದರ ಈ ಹುಡುಗನ್ನ ಕಾಲೇಜಿನವರು ದೇಶಕ್ಕ ವಾಪಸ್ ಕಳಸ್ತಾರ," ಎಂದಳು ಚನ್ನಮಲ್ಲಮ್ಮ. "ಅವರಪ್ಪ ಹತ್ತಿ ಬೆಳದು ಓದಸಾಕತ್ತಾನ."

ಬೇಗಂ ಶೇಖಮ್ಮನ ಕಡೆ ತಿರುಗಿದರು. "ಶೇಖಮ್ಮಾ, ಮನಿ ಯಜಮಾನ್ರು ಬಸ್ಸಿನಾಗ ಬಂದಾರ. ಬೆಲ್ಲ ನೀರು ಕೊಡು," ಎಂದರು. ಶೇಖಮ್ಮ ತಂದ ತಂಬಿಗೆಯನ್ನು ದೊಡ್ಡಪ್ಪ ತೆಗೆದುಕೊಂಡು ಕಟ್ಟೆಯ ಮೇಲಿಟ್ಟ. ಒಂದು ಗುಟುಕೂ ಕುಡಿಯಲಿಲ್ಲ.

ಬೇಗಂ ದೇವರ ಮಾಡದ ಬಳಿ ಹೋದರು. "ಕರಡಿಗಿ ಚೀಲದಾಗ ಸಿಕ್ಕಿತು. ಒಳಗಿನ ಲಿಂಗ?"

"ಇಲ್ಲೇ ಅದರೀ," ಎಂದು ಚನ್ನಮಲ್ಲಮ್ಮ ಭಸ್ಮದ ಗಟ್ಟಿಯ ಪಕ್ಕ ತೋರಿಸಿದಳು. ಒಗೆದು ಮಡಿಚಿದ ಬಿಳಿ ವಸ್ತ್ರದಲ್ಲಿ ಲಿಂಗ ಕೂತಿತ್ತು, ಮೇಲೊಂದು ಬಿಲ್ವಪತ್ರೆ. "ನಾ ಇಟ್ಟದ್ದಲ್ಲ. ಶಿವಾ, ಅಷ್ಟಾದರೂ ಉಳೀತು ಅಂತ ಕೈಮುಗದೆ."

ಕೈ ತೊಳೆಯುವ ನೆಪದಲ್ಲಿ ಬೇಗಂ ಹಿತ್ತಲ ಬಚ್ಚಲಿಗೆ ಹೋದರು. ಶೇಖಮ್ಮ ಹಿಂಬಾಲಿಸಿದಳು.

"ಇಲ್ಲೇನು ಕಾಣಸತದ ಹೇಳು."

"ಕಲ್ಲೆಲ್ಲ ಹಸಿ ಅದರೀ. ಮುಂಜಾನಿ ಜಳಕದ ನೀರು ಈ ಬಿಸಿಲಿಗೆ ಇನ್ನೂ ಆರಿಲ್ಲೇನು?"

"ಶಾಬಾಶ್," ಎಂದರು ಬೇಗಂ.

ಎಲ್ಲರನ್ನೂ ಪಡಸಾಲೆಯ ಚಾಪೆಯ ಮೇಲೆ ಕೂಡಿಸಿ ಬೇಗಂ ಕುರ್ಚಿಯಲ್ಲಿ ಕೂತರು.

"ನಾ ಮುಸಲ್ಮಾನರ ಹೆಣ್ಮಗಳು. ಆದರ ಹುಟ್ಟಿದಾಗಿನಿಂದ ಈ ಗೋಡಿ ಪಕ್ಕದಾಗ ಬದುಕೀನಿ. ಬೆಳ್ಳಿ ಆಸೆಗೆ ಕೈ ಹಾಕಿದ ಪರದೇಶಿ ಹುಡುಗ ಏನು ಮಾಡತಿದ್ದ? ಡಬ್ಬಿ ಹಂಗ ಚೀಲಕ್ಕ ಹಾಕತಿದ್ದ. ಒಳಗ ಏನದ ಅಂತ ಅವನಿಗೇನು ಗೊತ್ತು? ಈ ಕಳ್ಳ ಲಿಂಗ ತಗದ, ಮಡಿ ವಸ್ತ್ರ ಹುಡುಕಿದ, ಪತ್ರಿ ಏರಿಸಿದ. ಲಿಂಗ ಚೀಲದಾಗ ಬೀಳೂದು ಅವನ ಜೀವಕ್ಕ ಒಪ್ಪಲಿಲ್ಲ. ಅಂದರ ಇದ್ರಿಸ್ ಅಲ್ಲ, ಲಿಂಗಕ್ಕ ಭಕ್ತಿಲೆ ನಡಕೊಳ್ಳಾವ."

ಎಲ್ಲರ ಕಣ್ಣೂ ಮಹಾಂತಯ್ಯನ ಮೇಲೆ ಹೊರಳಿದವು.

"ನನ್ನ ಯಾಕ ನೋಡತೀರಿ?" ಎಂದು ಅವನು ಸಿಡುಕಿದ. "ಹೊಟ್ಟಿಕಿಚ್ಚು ಅದ, ಇಲ್ಲನ್ನೂದಿಲ್ಲ. ಕಳ್ಳ ಅಲ್ಲ ನಾ!"

"ಅಲ್ಲ," ಎಂದರು ಬೇಗಂ. "ಮತ್ತೊಬ್ಬರ ಲಿಂಗ ಮುಟ್ಟಬೇಕಾದರ ನೀವು ಮೈ ತೊಳಕೊಂಡು ವಿಭೂತಿ ಧರಿಸ್ತೀರಿ. ಬಚ್ಚಲ ಇನ್ನೂ ಹಸಿ ಅದ. ಕದಿಯೂಕಿಂತ ಮದಲ ಜಳಕ ಮಾಡಿದ ಕಳ್ಳನ್ನ ನಾ ಇವತ್ತೇ ನೋಡಿದ್ದು! ಮಾಸ್ತರ, ನಿಮ್ಮ ವಿಭೂತಿ ಬೆವರಾಗ ಹರದು ಹೋಗೇದ. ಮಂದಿ ಮನಿ ಬಚ್ಚಲದಾಗ ನೀವು ಜಳಕಕ್ಕ ಕುಂತರ ಯಾರಾದರೂ ಸುಮ್ಮನ ಬಿಡತಿದ್ದರೇನು? ಮಡಿ ವಸ್ತ್ರ ಎಲ್ಲಿರತದ ಅಂತ ನಿಮಗ ಗೊತ್ತೂ ಇಲ್ಲ."

ಅವರು ನಿಧಾನವಾಗಿ ದೊಡ್ಡಪ್ಪನ ಕಡೆ ತಿರುಗಿದರು.

"ಮಾನ್ವಿ ಬಸ್ಸಿನಾಗ ಕುಂತು ಬಂದವರ ಧೋತರದ ಮ್ಯಾಲ ಧೂಳಿಲ್ಲ. ನೀರಡಿಕಿ ಇಲ್ಲ. ಹಣಿ ಮ್ಯಾಲ ಮೂರು ಬೆರಳಿನ ಗೆರಿ ಈಗ ಬರದಂಗದಾವ. ನೀವು ಮುಂಚಿನ ಬಸ್ಸಿಗೇ ಬಂದೀರಿ. ಹುಡುಗರು ಪಡಸಾಲಿಯಾಗ ಜೋರಲೆ ಪಾಠ ಹೇಳಾಕತ್ತಿದ್ದರು, ಹಿತ್ತಲ ಬಾಗಲದ ಸಪ್ಪಳ ಯಾರಿಗೂ ಕೇಳಲಿಲ್ಲ. ಮಾಡದಾಗ ಕರಡಿಗಿ ಕಣ್ಣಿಗೆ ಬಿತ್ತು. ಕೆಲಸ ಮುಗಿಸಿ ಓಣಿ ಸುತ್ತಿ ಮುಂದಿನ ಬಾಗಲಿಗೆ ಬಂದೀರಿ. ಮಾಸ್ತರರಿಗೆ ಹುಡುಗ ಜೇಲಿಗೆ ಹೋಗಬೇಕಾಗಿತ್ತು. ನಿಮಗ ಕ್ಲಾಸು ನಿಂತರ ಸಾಕಾಗಿತ್ತು. ದೇವರ ಸಾಮಾನು ಕಳುವಾದರ ಓಣಿಯವರೇ ನಿಲ್ಲಸ್ತಾರ ಅಂತ ಲೆಕ್ಕ ಹಾಕಿದ್ರಿ."

ದೊಡ್ಡಪ್ಪ ಚಾಪೆಯ ಅಂಚು ತಿರುವಿದ. ನಂತರ ಹೆಂಡತಿಯನ್ನು ನೋಡದೆ ಹೇಳಿದ: "ಯಾವ ಚೀಲ ಯಾರದಂತನೂ ನನಗ ಗೊತ್ತಿರಲಿಲ್ಲ. ಕೈಗೆ ಸಿಕ್ಕದ್ದರಾಗ ಹಾಕಿದೆ. ವಾರಕ್ಕೊಮ್ಮೆ ಮನಿಗೆ ಬರತೀನಿ. ಇಲ್ಲಿ ಈಕಿ ನಗತಾಳ, ಅವರು ನಗತಾರ. ಏನಂತ ನಗತಾರ ತಿಳಿಯೂದಿಲ್ಲ. ನನ್ನ ಮುಂದ ಒಂದಿನಾನೂ ಹಂಗ ನಕ್ಕಿಲ್ಲ ಈಕಿ."

"ನೀವು ಒಂದಿನಾನೂ ನನ್ನ ಕೂಡ ಮಾತಿಗಂತ ಕುಂತಿಲ್ಲ," ಎಂದಳು ಚನ್ನಮಲ್ಲಮ್ಮ. ದನಿ ಏರಿಸಲಿಲ್ಲ.

ದೊಡ್ಡಪ್ಪ ಎದ್ದು ಇದ್ರಿಸನ ಮುಂದೆ ಕೈಮುಗಿದ. ಹುಡುಗ ಗಾಬರಿಯಿಂದ ಆ ಕೈಗಳನ್ನು ಹಿಡಿದುಕೊಂಡ. ಠಾಣೆಯ ಮಾತು ಅಲ್ಲಿಗೆ ಮುಗಿಯಿತು. ಮಹಾಂತಯ್ಯ ಚಹಾ ಕುಡಿಯದೆ ಹೋದ.

ಮರುದಿನದಿಂದ ಪಾಠ ಬೇಗಂ ಅವರ ಪಡಸಾಲೆಗೆ ಬಂತು. ಇನ್ನು ತನ್ನ ಮನೆಯಲ್ಲಿ ಕಲಿಸಲು ಮನಸ್ಸಿಲ್ಲ ಎಂದು ಚನ್ನಮಲ್ಲಮ್ಮ ಹೇಳಿದ್ದಳು. ಬೇಗಂ ಖುಷಿಯಿಂದ ಒಪ್ಪಿದ್ದರು. ಶೇಖಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳು ಯಂತ್ರವನ್ನು ಹಿತ್ತಲಿಗೆ ಎಳೆದುಕೊಂಡಳು.

ಇದ್ರಿಸ್ ಏನೋ ಹೇಳಿದ. ಒಳಗೆ ಎಲ್ಲರೂ ಗೊಳ್ಳೆಂದು ನಕ್ಕರು. ಹಿತ್ತಲ ಗೋಡೆಯಾಚೆ ಕೆಮ್ಮಿದ ಸದ್ದಾಯಿತು. ಆ ವಾರ ಮಾನ್ವಿಗೆ ಹೋಗದ ದೊಡ್ಡಪ್ಪ ಅಲ್ಲಿ ನಿಂತಿದ್ದ.

"ಶೇಖವ್ವಾ, ಏನಂತ ನಗಾಕತ್ತಾರ?"

"ನನಗರೆ ಏನು ತಿಳೀತದರೀ," ಎಂದಳು ಶೇಖಮ್ಮ. ಆದರೂ ಯಂತ್ರ ತುಳಿಯುವುದನ್ನು ನಿಲ್ಲಿಸಿ, ಇನ್ನೊಮ್ಮೆ ನಗು ಬರುವುದನ್ನು ಕಾಯುತ್ತ ಅವನಂತೆಯೇ ಗೋಡೆಯ ಹತ್ತಿರ ಬಂದು ನಿಂತಳು.