ತವರ ಸರಕು

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಗಂಟೆಗಿರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಕೆಂಚ ಎಂಬ ಕಂಚುಗಾರನಿದ್ದ. ಅವನು ಎರಕ ಹೊಯ್ದ ಗಂಟೆ ಒಮ್ಮೆ ಬಾರಿಸಿದರೆ ಏಳೂರಿನ ದನಗಳು ತಲೆಯೆತ್ತಿ ನೋಡುತ್ತಿದ್ದವು. ಕಂಚಿಗೆ ಬೇಕಾದ ತಾಮ್ರ ಗಂಟೆಗಿರಿಯ ಗುಡ್ಡದಲ್ಲೇ ಸಿಗುತ್ತಿತ್ತು. ಅದಕ್ಕೆ ಬೆರೆಸುವ ತವರವೆಂಬ ಲೋಹ ಮಾತ್ರ ಹೊಳೆಯಾಚೆಯ ತೆಂಕನಾಡಿನಿಂದ ಬರಬೇಕಿತ್ತು. ಕೆಂಚನ ಹೆಂಡತಿ ಸಾವಂತ್ರಿಯೂ ತೆಂಕನಾಡಿನವಳೇ. ಗಂಟೆಗಿರಿಯ ಅರ್ಧಕ್ಕರ್ಧ ಸೊಸೆಯರು ಅಲ್ಲಿಯವರೇ ಅನ್ನಿ.

ಒಂದು ವರ್ಷ ತೆಂಕನಾಡಿನ ಅಗ್ಗದ ಪಾತ್ರೆಗಳು ಸಂತೆಯಲ್ಲಿ ರಾಶಿ ಬಿದ್ದವು. ಕಂಚುಗಾರರು ಅರಮನೆಗೆ ಹೋಗಿ ಗೋಳಾಡಿದರು. ಕೆಂಚನೂ ಗಂಟಲು ಹರಿಯುವಂತೆ ಕೂಗಿದ. ಆಗ ಹೊರನಾಡಿನಿಂದ ಧೂಮಾಕ್ಷನೆಂಬ ಮಾಂತ್ರಿಕ ಬಂದು, ಜೋಳಿಗೆಯಿಂದ ಒಂದು ಕಪ್ಪು ಮೊಟ್ಟೆ ತೆಗೆದು ಊರಬಾಗಿಲಲ್ಲಿ ಒಡೆದ. ಒಳಗಿಂದ ಗುಳುಂಬ ಎಂಬ ಪ್ರಾಣಿ ಹೊರಬಂತು. ಆನೆಯಷ್ಟು ಹೊಟ್ಟೆ, ಒಕ್ಕುವ ಕಣದಷ್ಟು ಬಾಯಿ.

"ಹೊರಗಿನಿಂದ ಬಂದದ್ದರಲ್ಲಿ ಕಾಲುಪಾಲನ್ನು ಇದು ಸುಂಕವಾಗಿ ನುಂಗುತ್ತದೆ, ದೊರೆ. ನಿಮ್ಮ ಡಂಗುರದ ಮಾತನ್ನು ಎಂದೂ ಮೀರುವುದಿಲ್ಲ. ನಷ್ಟವೆಲ್ಲ ತೆಂಕನಾಡಿಗೆ" ಅಂದ ಧೂಮಾಕ್ಷ. ರಾಜ ಬಲ್ಲರಸ ಮೀಸೆ ತಿರುವಿದ. ಕೆಂಚ ಕುಣಿದಾಡಿಬಿಟ್ಟ.

ಪಾತ್ರೆಯ ಗಾಡಿ ಬಂತು. "ಎಲ್ಲಿಯದು?" ಅಂತು ಗುಳುಂಬ. "ತೆಂಕನಾಡಿನದು." ಗುಳುಂ! ತವರದ ಗಾಡಿ ಬಂತು. "ಎಲ್ಲಿಯದು?" "ತೆಂಕನಾಡಿನದು." ಗುಳುಂ! ತವರ ತುಟ್ಟಿಯಾಯಿತು, ಕೆಂಚನ ಗಂಟೆಯೂ ತುಟ್ಟಿಯಾಯಿತು. ಗಿರಾಕಿಗಳು ಬೆಲೆ ಕೇಳಿ ಮುಖ ತಿರುಗಿಸಿ ಹೋದರು.

"ಕಾಲುಪಾಲು ಸಾಲದು. ಅರ್ಧ ನುಂಗಲಿ!" ಎಂದ ರಾಜ.

ಇದನ್ನು ಕೇಳಿ ತೆಂಕನಾಡಿನ ರಾಜನಿಗೂ ಸಿಟ್ಟು ಬಂತು. ಅವನೂ ಎಲ್ಲಿಂದಲೋ ಒಂದು ಮೊಟ್ಟೆ ತರಿಸಿ ಒಡೆದ. ಅಲ್ಲಿಯ ಗುಳುಂಬ ಗಂಟೆಗಿರಿಯ ಗಂಟೆಗಳನ್ನು ನುಂಗತೊಡಗಿತು. ಇತ್ತ ಕೆಂಚ ತವರ ಸಾಲದೆ ಬರೀ ತಾಮ್ರ ಹೊಯ್ದ. ಅರಮನೆಯ ಹೊಸ ಗಂಟೆ ಬಾರಿಸಿದರೆ 'ಢಣ್' ಅನ್ನುವ ಬದಲು 'ಥಡ್' ಅಂದಿತು.

"ಅರ್ಧವೂ ಸಾಲದು. ಮುಕ್ಕಾಲು ನುಂಗಲಿ!" ಎಂದ ರಾಜ.

ಉಪ್ಪು ಹೋಯಿತು, ಬಟ್ಟೆ ಹೋಯಿತು. ಗಂಟೆ ಕೊಳ್ಳುವವರಿಲ್ಲದೆ ತಾಮ್ರ ಅಗೆಯುವವರು ಕೈಕಟ್ಟಿ ಕುಳಿತರು. ಕೆಂಚನಿಗೆ ತಲೆಬುಡ ಅರ್ಥವಾಗಲಿಲ್ಲ. "ಅದು ಕಚ್ಚೋದು ಅವರ ಸರಕನ್ನ, ಖಾಲಿಯಾಗೋದು ನನ್ನ ಮಡಕೆ. ಇದ್ಯಾವ ಸೀಮೆ ನ್ಯಾಯ?" ಎಂದು ತಣ್ಣಗಾದ ಕುಲುಮೆಯನ್ನೇ ಕೇಳಿದ. ಕುಲುಮೆ ಏನು ಹೇಳೀತು!

ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕಷ್ಟೆ. ಸಾವಂತ್ರಿ ಹೊಳೆ ದಾಟಿ ಹೋಗಿದ್ದಳು. ಬಾಣಂತನ ಮುಗಿಸಿ, ಮಗುವನ್ನೆತ್ತಿಕೊಂಡು ಊರಬಾಗಿಲಿಗೆ ಬಂದಳು. ಕೆಂಚ ಒಳಗಡೆ ಕೈಚಾಚಿ ನಿಂತಿದ್ದ. ಗುಳುಂಬ ನಡುವೆ ಬಂತು.

"ಎಲ್ಲಿಯದು?"

"ನಮ್ಮದೇ ಕಣಪ್ಪಾ, ನನ್ನ ಮಗು!" ಎಂದ ಕೆಂಚ.

"ಎಲ್ಲಿ ತಯಾರಾದದ್ದು?"

"ತೆಂಕನಾಡಲ್ಲಿ ಹುಟ್ಟಿದ್ದು" ಎಂದಳು ಸಾವಂತ್ರಿ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಹಾಗಾದರೆ ಹೊರಗಿನ ಸರಕು. ಮುಕ್ಕಾಲು ನನಗೆ, ಕಾಲು ನಿಮಗೆ" ಎಂದು ಗುಳುಂಬ ಬಾಯಿ ತೆರೆಯಿತು. ಸಾವಂತ್ರಿ ಮಗುವನ್ನು ಎದೆಗವಚಿ ಹಿಂದೆ ಸರಿದಳು.

"ಅಲ್ಲೇ ಇರು, ಬಂದೆ!" ಎಂದು ಕೆಂಚ ಅರಮನೆಗೆ ಓಡಿದ. ಏದುಸಿರು ಬಿಡುತ್ತ ರಾಜನ ಕಾಲಿಗೆ ಬಿದ್ದ. "ದೊರೆ, ನನ್ನ ಹೆಂಡ್ತಿ ತವರು..." ಎನ್ನಲು ಹೋದ. ಅಳು ನುಗ್ಗಿ ಬಂದು ಮಾತನ್ನು ಕಡಿದು ಹಾಕಿತು. "ತವರ... ಬಾಗಿಲಲ್ಲೇ... ಗುಳುಂಬ ಬಿಡ್ತಿಲ್ಲ... ತವರ..."

ರಾಜ ಗೋಡೆಯ ಮೇಲಿದ್ದ ಥಡ್ ಗಂಟೆಯನ್ನು ನೋಡಿದ. ಕಂಚುಗಾರ ತವರಕ್ಕಾಗಿ ಅಳುತ್ತಿದ್ದಾನೆಂದುಕೊಂಡ. "ಅಯ್ಯೋ, ಇಷ್ಟಕ್ಕೆ ಅಳುವುದೇ? ಡಂಗುರ ಹೊಡೆಸಿ!"

ಡಂಗುರದವನು ಬೀದಿಬೀದಿಯಲ್ಲಿ ಕೂಗಿದ. "ಕೇಳಿರಪ್ಪೋ ಕೇಳಿ! ಇಂದಿನಿಂದ ತವರ ಸರಕಿಗೆ ಸುಂಕವಿಲ್ಲ!"

ಊರಬಾಗಿಲಲ್ಲಿ ಸಾವಂತ್ರಿ ಅದನ್ನು ಕೇಳಿದಳು. ಮಗುವನ್ನು ಗುಳುಂಬದ ಮೂಗಿಗೇ ಹಿಡಿದಳು. "ಇದು ನನ್ನ ತವರ ಸರಕು!"

ಗುಳುಂಬ ಕಣ್ಣು ಪಿಳಿಪಿಳಿ ಬಿಟ್ಟಿತು. ಡಂಗುರ ತವರ ಅಂದಿದೆ, ಹೆಂಗಸೂ ತವರ ಅನ್ನುತ್ತಿದ್ದಾಳೆ. ಅದು ಬಾಯಿ ಮುಚ್ಚಿ ಪಕ್ಕಕ್ಕೆ ಸರಿಯಿತು.

ಆ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಸೊಸೆಯರೆಲ್ಲ ಹೊಳೆ ದಾಟಿದರು. ಒಬ್ಬಳು ಉಪ್ಪು ತಂದಳು, ತವರ ಸರಕು. ಒಬ್ಬಳು ಸೀರೆಯ ಗಂಟು ತಂದಳು, ತವರ ಸರಕು. ಒಬ್ಬಳು ನಿಜವಾಗಿಯೂ ತವರವನ್ನೇ ತಂದಳು, ಅದೂ ತವರ ಸರಕು. ನುಂಗಲು ಏನೂ ಸಿಗದೆ ಗುಳುಂಬ ಎಮ್ಮೆಯಷ್ಟಾಯಿತು, ಆಮೇಲೆ ನಾಯಿಯಷ್ಟಾಯಿತು.

ಧೂಮಾಕ್ಷ ರಾಜನನ್ನು ಊರಬಾಗಿಲಿಗೆ ಎಳೆದುಕೊಂಡು ಬಂದ. "ಮೋಸ, ದೊರೆ! ನೀವು ಹೇಳಿದ್ದು ಲೋಹದ ತವರ. ಡಂಗುರ ತಿದ್ದಿಸಿ!"

ರಾಜ ಬಾಯಿ ತೆರೆಯುವಷ್ಟರಲ್ಲಿ ಸೊಸೆಯರ ಸಾಲಿನಲ್ಲಿ ರಾಣಿಯೇ ನಿಂತಿದ್ದು ಕಂಡಿತು. ಅವಳ ಸೊಂಟದ ಮೇಲೊಂದು ಹಲಸಿನಹಣ್ಣು. "ನಮ್ಮಮ್ಮ ಕೊಟ್ಟಿದ್ದು. ಮುಕ್ಕಾಲು ಇದರ ಬಾಯಿಗೆ ಹಾಕಲೇ, ಇಲ್ಲಾ ನಿಮಗೆ ಬೇಕೇ?" ಎಂದಳು. ಅಷ್ಟರಲ್ಲಿ ಹಸಿದ ಗುಳುಂಬ ಧೂಮಾಕ್ಷನ ಕಡೆ ತಿರುಗಿತು. "ನೀನು ಎಲ್ಲಿಯದು?" ಮಾಂತ್ರಿಕ ತೊದಲಿದ, ಜೋಳಿಗೆ ಬಿಸಾಡಿ ಓಡಿದ. ಗುಳುಂಬ ಅವನ ಬೆನ್ನು ಹತ್ತಿತು. ಇಬ್ಬರೂ ಗುಡ್ಡ ದಾಟಿ ಹೋದರು, ಮರಳಲಿಲ್ಲ.

ತೆಂಕನಾಡಿನ ಹೆಣ್ಣುಮಕ್ಕಳು ತಮ್ಮ ಅಪ್ಪಂದಿರನ್ನು ಬೈದು ಅಲ್ಲಿಯ ಗುಳುಂಬವನ್ನೂ ಓಡಿಸಿದರು. ಕೆಂಚನ ಕುಲುಮೆ ಹೊತ್ತಿಕೊಂಡಿತು.

"ಅವತ್ತು ಅಷ್ಟು ಅತ್ತೆಯಲ್ಲ, ಎಷ್ಟು ತವರ ಬೇಕಿತ್ತಯ್ಯಾ ನಿನಗೆ?" ಎಂದು ರಾಜ ಒಂದು ದಿನ ಕುಲುಮೆಗೆ ಬಂದು ಕೇಳಿದ.

ಕೆಂಚ ಕಕ್ಕಾಬಿಕ್ಕಿಯಾದ. "ನಾನು ತವರ ಎಲ್ಲಿ ಕೇಳಿದೆ, ದೊರೆ? ನಾನು ಕೇಳಿದ್ದು ನನ್ನ ಮಗೂನ."

ರಾಜ ಬಾಗಿ ಮಗುವನ್ನು ಎತ್ತಿಕೊಂಡ. ಅಂದಿನಿಂದ ಎರಡೂ ದಡದವರು ಹೊಟ್ಟೆ ತುಂಬ ಉಂಡು ಬಾಳಿದರು. ನಿಮ್ಮ ಮನೆಯಲ್ಲೂ ಹಾಗೇ ಆಗಲಿ.