ಮೊದಲನೇ ಹಾಳಿ

"ಪೇಪರಿನ್ಯಾಗ ಅಚ್ಚಾದದ್ದನ್ನ ಬಾಯಿಪಾಠ ಮಾಡಿಕೊಂಡು ಬಂದು ನಂದು ಅಂದ್ರ, ನಿಂದಾಗ್ತದೇನವಾ?"

ರಘೋತ್ತಮ ತಲೆ ಎತ್ತದೆ ಕೇಳಿದ. ಹಾವೇರಿಯ ವಿದ್ಯಾ ಸಮಿತಿಗೆ ಆತ ಕಾರ್ಯದರ್ಶಿ. ಟೇಬಲ್ಲಿನ ಈಚೆ ನಿಂತಿದ್ದವಳು ಬ್ಯಾಡಗಿಯ ಕುಲ್ಸುಮಬಿ. ಹತ್ತೊಂಬತ್ತು ವರ್ಷ. ಅವಳ ಪಕ್ಕದಲ್ಲಿ ಜಾನಕೀಬಾಯಿ. ಹೈಸ್ಕೂಲಿನಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು.

ಅದು ೧೯೯೨ರ ಫೆಬ್ರವರಿ. ಇಂಗ್ಲೆಂಡಿನ ಒಂದು ಭಾಷಾ ಶಾಲೆ, ಹೊರದೇಶದ ಜಾಣ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಒಂದು ವರ್ಷ ಇಂಗ್ಲಿಷ್ ಕಲಿಯಲೆಂದು ಮೆರಿಟ್ ಸ್ಕಾಲರ್‌ಶಿಪ್ ಕೊಡುತ್ತಿತ್ತು. ಈ ಭಾಗಕ್ಕೆ ಒಂದೇ ಸೀಟು. ನಾಲ್ಕು ಹಾಳೆಯ ಪ್ರಬಂಧ ಟೈಪ್ ಮಾಡಿ ಕೊಡಬೇಕು. ಸಮಿತಿ ಒಂದನ್ನು ಆರಿಸಿ ಕಳಿಸುತ್ತದೆ. ಆರಿಸಿದ್ದು ರಾಣೆಬೆನ್ನೂರಿನ ರಾಘಣ್ಣನದು. ಅಧ್ಯಕ್ಷರು ಮೆಚ್ಚಿ, ಅದನ್ನು ಊರ ವಾರಪತ್ರಿಕೆಯಲ್ಲಿ ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿದ್ದರು. ಅದನ್ನು ಕುಲ್ಸುಮಬಿ ಓದಿದಳು. ಮೊದಲಿನಿಂದ ಕೊನೆಯವರೆಗೆ ಅವಳದೇ ಮಾತು.

"ಟೈಪ್ ಮಾಡುವಾಗ ಕಾರ್ಬನ್ ಹಾಕಿ ಪ್ರತಿ ಇಟ್ಟಿದ್ದಿಲ್ಲೇನು?" ಜಾನಕೀಬಾಯಿ ಮೆಲ್ಲಗೆ ಕೇಳಿದರು.

"ಇಲ್ರಿ ಅಕ್ಕಾರ."

ಬೇರೆಯವರು ತಿದ್ದಬಾರದೆಂದು ನಿಯಮವಿತ್ತು. ಹಾಗಾಗಿ ಜಾನಕೀಬಾಯಿಯೂ ಅದನ್ನು ಮುಂಚೆ ಓದಿರಲಿಲ್ಲ. ಸಾಕ್ಷಿಯೇ ಇಲ್ಲ.

"ನಿನ್ನ ಅರ್ಜಿ ಇಲ್ಲಿಗೆ ಬಂದೇ ಇಲ್ಲ," ರಘೋತ್ತಮ ಅಂದ. "ತಂದುಕೊಡ್ತೀನಿ ಅಂತ ಒಯ್ದವ ನಿಮ್ಮಪ್ಪ, ಹೌದಿಲ್ಲೋ? ಅವನ್ನೇ ಕೇಳು. ಮಗಳನ್ನ ಪರದೇಶಕ್ಕ ಕಳಸೂ ಮನಸ್ಸು ಅವಗಿತ್ತೋ ಇಲ್ಲೋ."

ಕುಲ್ಸುಮಬಿ ಜಾನಕೀಬಾಯಿಯತ್ತ ತಿರುಗಿದಳು.

"ರಾಘಣ್ಣನ ಹಾಳಿ ತೋರಸ್ರಿ," ಅಂದರು ಜಾನಕೀಬಾಯಿ.

"ನೋಡ್ರಿ. ಮುಚ್ಚಿಡೂದೇನದ?"

ನಾಲ್ಕು ಹಾಳೆ. ಮೊದಲನೆಯದು ಸ್ವಚ್ಛ, ಅದರ ಮೇಲೆ ಮಾತ್ರ ರಾಘಣ್ಣನ ಹೆಸರು. ಉಳಿದ ಮೂರರ ಬಲಮೂಲೆಯಲ್ಲಿ, ಕೆಳಗೆ, ಹೆಬ್ಬೆರಳಗಲ ಮಾಸಲು ಕೆಂಪು ಕಲೆ.

"ಇದೇನಿದು?"

"ಕುಂಕುಮ. ನಮ್ಮ ವೈನಿಯವರು ಪೂಜಾ ಮಾಡೇ ಕಳಸ್ತಾರ."

"ರಾಘಣ್ಣ ನಿಮಗೇನಾಗಬೇಕು?"

"ಅಣ್ಣ-ವೈನಿ ಮಗ. ಅಂದ್ರೇನಾತು? ಮೆರಿಟ್ ಯಾರಪ್ಪನ ಸ್ವತ್ತೂ ಅಲ್ಲ." ಫೈಲು ಕಟ್ಟಿದ. "ಸೋಮವಾರ ಇದು ಇಂಗ್ಲೆಂಡಿಗೆ ಹೋಗ್ತದ. ಬರ್ರಿ ಇನ್ನ."

* * *

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಚೀಲ ಒಟ್ಟಿದ ವಖಾರಿಯೊಳಗೆ ಕಾಲಿಟ್ಟ ಕೂಡಲೇ ಜಾನಕೀಬಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕೆಂಪು ರಾಶಿಯ ಸುತ್ತ ಕುಳಿತ ಹೆಣ್ಣುಮಕ್ಕಳು ತೊಟ್ಟು ಬಿಡಿಸುತ್ತಿದ್ದರು. ದಿನಾ ಕಾಲೇಜು ಬಿಟ್ಟ ಮೇಲೆ ಕುಲ್ಸುಮಬಿ ಕೂರುತ್ತಿದ್ದುದೂ ಇಲ್ಲೇ. ಇಲ್ಲಿಂದೆದ್ದು ಟೈಪಿಂಗ್ ಕ್ಲಾಸಿಗೆ ಓಡುತ್ತಿದ್ದಳು.

"ಅವರಪ್ಪಂದ ಕೆಲಸ ಇದು, ಅಕ್ಕಾರ," ಅಂದಳು ಜೊತೆಗೆ ಕೂರುವ ತಾಜಬಿ. "ಬಿಲ್ಕುಲ್ ಕಳಸೂದಿಲ್ಲ ಅಂತ ಚಾದಂಗಡ್ಯಾಗ ಕುಂತು ಅಂದಾನ. ಹಳ್ಳಕ್ಕ ಒಗದಿರಬೇಕು."

ಹೇಳುತ್ತಲೇ ಬಟ್ಟಲಿನ ಶೇಂಗಾ ಎಣ್ಣೆಗೆ ಬೆರಳದ್ದಿ ಅಂಗೈಗೆ ಸವರಿಕೊಂಡಳು.

"ಎಣ್ಣಿ ಯಾಕವಾ?"

"ಹಚ್ಚಲಿಲ್ಲಂದ್ರ ಕೈ ಉರೀತಾವರಿ. ಹಚ್ಚಿದ್ರ ಬಣ್ಣ ಲಗೂ ಬಿಡಂಗಿಲ್ಲ. ನಮ್ಮ ಮನಿಯವ್ರು ಮೆಹಂದಿ ಖರ್ಚು ಉಳೀತು ಅಂತಾರ."

ಜಾನಕೀಬಾಯಿ ನಗಲಿಲ್ಲ. ತಾಜಬಿಯ ಹೆಬ್ಬೆರಳನ್ನೇ ನೋಡುತ್ತ ನಿಂತರು.

ಕುಲ್ಸುಮಬಿಯ ಅಪ್ಪ ಮಲ್ಲಿಕಸಾಬ ಹೊರಗೆ ಲಾರಿಗೆ ಚೀಲ ಹೇರುತ್ತಿದ್ದ. ಕೇಳಿದ್ದಕ್ಕೆ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

"ಕಳಸೂದಿಲ್ಲ ಅಂದಿದ್ದೆ, ಖರೇ. ಸಿಟ್ಟಿನ್ಯಾಗ ಅಂದಿದ್ದೆ. ಆದ್ರ ಲಕೋಟಿ ಕೊಟ್ಟು ಬಂದೇನ್ರಿ. ನನ್ನ ಅಂಗಿ ಧೂಳಿಗೆ ಆ ಕಾರ್ಯದರ್ಶಿ ಸಾಹೇಬ್ರು ನಾಕ ಸರ್ತಿ ಸೀನಿದ್ರು. ಹೊರಗ ನಿಂದ್ರು ಅಂದ್ರು. ಬಾಗಲದಾಗ ಇಸಗೊಂಡ್ರು. ರಸೀದಿ ಕೇಳಾಕ ನನಗ ಬಾಯಿ ಬರಲಿಲ್ಲ." ವಸ್ತ್ರ ಮತ್ತೆ ತಲೆಗೆ ಸುತ್ತಿಕೊಂಡ. "ನಿನ್ನೆ ಹಾವೇರಿಯಿಂದ ಬಂದಾಗಿಂದ ಮಗಳು ನನ್ನ ಕೂಡ ಮಾತಾಡವಲ್ಲಳು."

ಬಸ್ಸಿನಲ್ಲಿ ಬರುವಾಗ ತಾವೂ ಇವನನ್ನೇ ಸಂಶಯಪಟ್ಟಿದ್ದು ಜಾನಕೀಬಾಯಿಗೆ ನೆನಪಾಯಿತು. ಯಾವನೋ ಕುರ್ಚಿಯ ಮೇಲೆ ಕೂತು ಅಂದ, ತಾವು ನಂಬಿದರು. ಹಮಾಲನ ಮಾತು ಅಷ್ಟು ಸಸ್ತಾ.

* * *

ರಾಣೆಬೆನ್ನೂರಿನಲ್ಲಿ ರಾಘಣ್ಣನ ತಾಯಿ ಇಂದಿರಾಬಾಯಿ ಚಹಾ ಕೊಟ್ಟರು. ಒಳ್ಳೆಯ ಹೆಂಗಸು. ಏನೂ ಗೊತ್ತಿದ್ದಂತಿರಲಿಲ್ಲ.

"ರಾಘಣ್ಣ ಎಲ್ಲಿ?"

"ಪಾಸ್‌ಪೋರ್ಟಿಗೆ ಫೋಟೋ ತಗಸಲಿಕ್ಕೆ ಹೋಗ್ಯಾನ. ಅವನ ಕಾಕಾನೇ ಎಲ್ಲಾ ಓಡಾಡಿ ಮಾಡಾಕತ್ತಾರ."

"ನಿಮ್ಮ ಮನ್ಯಾಗ ಕಾಗದಕ್ಕ ಕುಂಕುಮ ಹಚ್ಚೂ ಪದ್ಧತಿ ಅದಂತ?"

"ಹಚ್ಚದ ಬಿಡ್ತೀವೇನ್ರಿ? ಲಗ್ನಪತ್ರಿಕಿ, ಪರೀಕ್ಷಾ ಫಾರಮ್ಮು, ಎಲ್ಲಾಕ್ಕೂ." ಕಪಾಟಿನಿಂದ ನಾಲ್ಕಾರು ಕಾಗದದ ಕಟ್ಟು ತಂದು ಮುಂದಿಟ್ಟರು. ಪ್ರತಿಯೊಂದಕ್ಕೂ ನೆತ್ತಿಯಲ್ಲಿ ಒಂದು ಬೊಟ್ಟು.

"ಎಲ್ಲಾದಕ್ಕೂ ಮೊದಲನೇ ಹಾಳಿಗೇ?"

"ಮತ್ತೆಲ್ಲಿ? ಹಣೀ ಬಿಟ್ಟು ಮೊಣಕಾಲಿಗೆ ಹಚ್ಚತಾರೇನ್ರಿ?"

ಜಾನಕೀಬಾಯಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

* * *

ಸೋಮವಾರ ಬೆಳಿಗ್ಗೆ ಸಮಿತಿಯ ಅಧ್ಯಕ್ಷ ಫಕ್ರುದ್ದೀನ ವಕೀಲರ ಕೋಣೆಯಲ್ಲಿ ಫೈಲು ಬಿಚ್ಚಿಕೊಂಡಿತು. ಕುಲ್ಸುಮಬಿ ಗೋಡೆಗೊರಗಿ ನಿಂತಿದ್ದಳು, ರಘೋತ್ತಮ ಟೇಬಲ್ಲಿನ ಪಕ್ಕ. ಮಲ್ಲಿಕಸಾಬ ಬಾಗಿಲಾಚೆ.

"ಇದನ್ನ ಕಿಟಕಿಗೆ ಹಿಡೀರಿ, ಸಾಹೇಬ್ರ." ಜಾನಕೀಬಾಯಿ ಎರಡನೆಯ ಹಾಳೆ ಕೊಟ್ಟರು.

ಕೆಂಪಿನ ಮೂಲಕ ಬೆಳಕು ತೂರಿ ಬಂತು.

"ಎಣ್ಣಿ," ಅಂದರು ವಕೀಲರು.

"ಕುಂಕುಮ ಒಣಾ ಪುಡಿ. ಕೊಡವಿದ್ರ ಉದರ್ತದ. ಇದು ಹಾಳಿಯೊಳಗ ಇಳದದ. ಮುಂದೊಂದು, ಹಿಂದೊಂದು ಬೆರಳು. ಟೈಪಿಂಗ್ ಮಶೀನಿಗೆ ಹಾಳಿ ಏರಸುವಾಗ ಹಿಡದ ಗುರ್ತು. ಕೈಗೆ ಎಣ್ಣಿ ಹಚ್ಚಿಕೊಂಡು ಮೆಣಸಿನಕಾಯಿ ಬಿಡಿಸಿ, ಹಂಗೇ ಟೈಪಿಂಗಿಗೆ ಓಡೋ ಹುಡುಗಿ ರಾಣೆಬೆನ್ನೂರಿನ ಆ ಮನ್ಯಾಗ ಯಾರಿದ್ದಾರ?"

"ಪೂಜಾದಾಗ ಎಣ್ಣಿ ಇರ್ತದ," ರಘೋತ್ತಮ ಅಂದ. "ವೈನಿ ಎಣ್ಣಿಗೈಲೇ ಹಚ್ಚಿರಬೇಕು."

"ಇರಬಹುದು. ಆದ್ರ ಅವರು ಹಚ್ಚೂದು ಮೊದಲನೇ ಹಾಳಿಗೆ, ನೆತ್ತಿ ಮ್ಯಾಲೆ. ಇಲ್ಲಿ ಎರಡು, ಮೂರು, ನಾಕಕ್ಕ ಅದ. ಮೊದಲನೇದು ಮಾತ್ರ ಬೋಳು. ಯಾಕ?"

ರಘೋತ್ತಮ ಹಾಳೆಗೆ ಕೈ ಚಾಚಿದ.

"ಅದು ಮಾಸಿತ್ತು. ನಾನೇ ಬ್ಯಾರೆ ಟೈಪ್ ಮಾಡಿ ಹಾಕಿದೆ. ಅದರಾಗೇನು ತಪ್ಪದ?"

ಆಡಿದ ಮೇಲೆ, ತಾನೇ ಒಪ್ಪಿಕೊಂಡದ್ದು ಅವನಿಗೂ ತಿಳಿಯಿತು.

"ಹೆಸರಿರೂದು ಆ ಒಂದೇ ಹಾಳಿಗೆ," ಜಾನಕೀಬಾಯಿ ನಿಧಾನವಾಗಿ ಅಂದರು. "ಅಕೀ ನಾಕು ಹಾಳಿ ಬರದ್ಲು. ನೀವು ಒಂದು ಬದಲಿ ಮಾಡಿ ನಾಕೂ ಹೊಡಕೊಂಡ್ರಿ. ಅದೂ ಸಾಲಲಿಲ್ಲ. ಹೆತ್ತಪ್ಪನ್ನೇ ಕಳ್ಳನ್ನ ಮಾಡಿದ್ರಿ. ಬಾಗಲದಾಗ ನಿಂದ್ರಿಸಿದವನ ಮಾತು ಯಾರು ಕೇಳ್ತಾರ ಅಂತ ಧೈರ್ಯ. ನಾನೂ ಒಂದು ದಿನ ಕೇಳಲಿಲ್ಲ. ಅದಕ್ಕ ನಾಚಿಕಿ ಆಗೇದ."

"ಹಳೇ ಹಾಳಿ ಎಲ್ಲಿ, ರಘೋತ್ತಮ?" ವಕೀಲರು ಕೇಳಿದರು.

ರಘೋತ್ತಮ ಬಾಗಿಲತ್ತ ಹೆಜ್ಜೆ ಇಟ್ಟ.

"ಆಫೀಸಿನ ಕೀಲಿ ಇಡ್ರಿ ಇಲ್ಲೆ. ಮುಂದಿಂದು ಪೊಲೀಸರು ಕೇಳ್ತಾರ."

ಕೀಲಿಗೊಂಚಲು ಟೇಬಲ್ಲಿನ ಮೇಲೆ ಬಿತ್ತು. ರಘೋತ್ತಮ ಹೊರಟಾಗ ಮಲ್ಲಿಕಸಾಬ ಅಭ್ಯಾಸದಿಂದ ದಾರಿ ಬಿಟ್ಟ.

ಕುಲ್ಸುಮಬಿ ಬಾಗಿಲಿಗೆ, ಅಪ್ಪನ ಬಳಿ ಹೋದಳು. "ಅಬ್ಬಾ, ನಿನ್ನ ಮ್ಯಾಲೆ ಸಂಶಯಪಟ್ಟೆ."

"ಬಿಡು. ಅಲ್ಲಿ ಭಾಳ ಥಂಡಿ ಅಂತ. ಎರಡು ಸ್ವೆಟರ್ ಬೇಕಾಗ್ತಾವ."

"ಮಲ್ಲಿಕಸಾಬ, ಒಳಗ ಬರ್ರಿ," ವಕೀಲರು ಪಕ್ಕದ ಕುರ್ಚಿ ತೋರಿಸಿದರು. "ಇವಳ ಅರ್ಜಿಗೆ ತಂದಿ ಸಹಿ ಬೇಕು. ಕುಂದ್ರಿ."

"ಅಂಗಿ ತುಂಬ ಖಾರದ ಧೂಳೈತ್ರಿ."

"ಕುಂದ್ರಿ ಅಂದೆ."

ಮಲ್ಲಿಕಸಾಬ ಕುರ್ಚಿಯ ಅಂಚಿಗೆ ಕುಳಿತ. ಫಕ್ರುದ್ದೀನ ವಕೀಲರು ಒಂದರ ಹಿಂದೊಂದು ಮೂರು ಸಲ ಸೀನಿದರು, ಮೂಗು ಒರೆಸಿಕೊಂಡರು, ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.