ಮೇಲಿನ ಚೀಟಿ

ಎರಡು ವರ್ಷದಿಂದ ಪ್ರತಿ ಸೋಮವಾರ ಸಂಜೆ ಫೋನಿನಲ್ಲಿ ಬೋರ್‌ವೆಲ್ ಅಳತೆ ಓದಿ ಹೇಳುತ್ತಿದ್ದ ದನಿ, ಇವತ್ತು ಮೈಕೈ ಪಡೆದು ಸ್ಪಂದನಳ ಮೇಜಿನ ಮುಂದೆ ನಿಂತಿತ್ತು. ಸಿಟ್ಟಿನಲ್ಲಿತ್ತು.

"ಸುಳ್ಳು ಬರಿಯೋನು ನಾನಾ? ಒಂದ್ ಸೋಮವಾರ ತಪ್ಸಿಲ್ಲ ಕಣ್ರೀ."

ಸಂಘಕ್ಕೆ ಹಂದನಕೆರೆಯ ಬೋರುಗಳ ಅಳತೆ ತೆಗೆಯುವ ಚಿರಂಜೀವಿ. ಸಿಟ್ಟಿನಲ್ಲೂ ಕಣ್ಣು, ಹಾಳಾದ್ದು, ಬಲು ಚೆಂದ.

ತಿಪಟೂರಿನ ತೆಂಗು ಬೆಳೆಗಾರರ ಸಂಘದಲ್ಲಿ ನೀರಿನ ಲೆಕ್ಕವೆಲ್ಲ ಸ್ಪಂದನಳದ್ದೇ. ವಾರದಿಂದ ವಾರಕ್ಕೆ ನೀರು ಎಷ್ಟು ಇಳಿಯಿತೆಂದು ನೋಡಲು ಅವಳು ಕಂಪ್ಯೂಟರಿಗೆ ಹೊಸ ಪ್ರಶ್ನೆ, ಒಂದು ಕ್ವೆರಿ, ಬರೆದಿದ್ದಳು. ಅವನ ಕಡೆಯ ಒಂದು ಬೋರಿನ ನೀರು ಒಂದೇ ವಾರದಲ್ಲಿ ಇನ್ನೂರು ಅಡಿ ಇಳಿದಿದೆ ಎಂದಿತು ಅದು. ಸುಳ್ಳು ಅಳತೆ ಬರೆಯುತ್ತಾನೆ, ಅವನನ್ನು ಕೆಲಸದಿಂದ ತೆಗೆದುಬಿಡೋಣ ಎಂದಿದ್ದರು ಮ್ಯಾನೇಜರ್ ಬಾಲರಾಜು. ಆ ಸೋಮವಾರದ ದನಿ ಇನ್ನು ಕೇಳುವುದಿಲ್ಲವೆಂದು ಅವಳಿಗೆ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ.

ಆದರೂ ಜಂಬ ಬಿಡಬೇಕಲ್ಲ. "ನನ್ನ ಕ್ವೆರಿ ತಪ್ಪು ಹೇಳಲ್ಲ."

ಅವನು ಚೀಲದಿಂದ ಅಳತೆ ಬರೆದ ಚೀಟಿಗಳ ಕಟ್ಟುಗಳನ್ನು ತೆಗೆದು ಸಾಲಾಗಿ ಇಟ್ಟ. ಒಂದೊಂದು ಬೋರಿಗೆ ಒಂದೊಂದು ಕಟ್ಟು.

"ಯಾವ್ ಬೋರಿಗೆ ಹೋದ್ರೆ ಅದರ ಕಟ್ಟೇ ಬಿಚ್ತೀನಿ. ಮೇಲಿನ ಚೀಟಿ ಹೋದ ವಾರದ್ದು. ಅದಕ್ಕೂ ಇವತ್ತಿಂದಕ್ಕೂ ಎಷ್ಟು ವ್ಯತ್ಯಾಸ ನೋಡ್ತೀನಿ. ಹಳೇವನ್ನೆಲ್ಲ ಯಾಕ್ರೀ ಕೆದಕಬೇಕು?"

ಸ್ಪಂದನ ಪರದೆಯತ್ತ ತಿರುಗಿ ತನ್ನ ಕ್ವೆರಿಯನ್ನು ಮತ್ತೆ ಓದಿದಳು. ಅವಳ ಕ್ವೆರಿ ಪ್ರತಿ ಸಾಲಿಗೂ ಇಡೀ ಪಟ್ಟಿಯನ್ನು ಕೆದಕುತ್ತಿತ್ತು, ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಬೋರು ಯಾವುದೆಂದು ನೋಡದೆ ಬರೀ ಹಿಂದಿನ ಸಾಲನ್ನು ಹಿಡಿಯುತ್ತಿತ್ತು. ಪಟ್ಟಿಯಲ್ಲಿ ಹಂದನಕೆರೆಯ ಮೊದಲ ಸಾಲಿನ ಮೇಲೆ ಇದ್ದದ್ದು ದಬ್ಬೇಘಟ್ಟದ ಕೊನೆಯ ಸಾಲು. ಕಾಲುವೆ ನೀರಿನ ಆ ಊರಿಗೂ ಈ ಒಣ ಊರಿಗೂ ಇರುವ ಅಂತರವನ್ನು ಅವಳು ಇವನ ತಲೆಗೆ ಕಟ್ಟಿದ್ದಳು!

ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಬೋರಿಗೊಂದು ಕಟ್ಟು: ಕಂಪ್ಯೂಟರಿನ ಮಾತಿನಲ್ಲಿ ಪಾರ್ಟಿಶನ್. ಮೇಲಿನ ಚೀಟಿ, ಅಂದರೆ ಅದೇ ಬೋರಿನ ಹಿಂದಿನ ಸಾಲು: ಲ್ಯಾಗ್. ಎರಡೇ ಸೆಕೆಂಡಿನಲ್ಲಿ ಉತ್ತರ ಬಂತು. ಇನ್ನೂರು ಅಡಿ ಮಾಯ. ಅವನ ಮೊದಲ ಸಾಲಿನಲ್ಲಿ ವ್ಯತ್ಯಾಸದ ಜಾಗ ಖಾಲಿ.

"ಮೊದಲ ಚೀಟಿಗೆ ಹಿಂದಿಂದು ಇರಲ್ವಲ್ಲ," ಎಂದ ಅವನು, ಪರದೆಗೆ ಬಾಗಿ. ಅವನ ಮೊದಲ ಚೀಟಿಯಲ್ಲೂ ಆ ಜಾಗದಲ್ಲಿ ಒಂದು ಗೀಟು ಮಾತ್ರ ಇತ್ತು.

ಸ್ಪಂದನ ಎದ್ದು, ಆಫೀಸಿಗೆಲ್ಲ ಕೇಳುವಂತೆ ಹೇಳಿದಳು. "ಬಾಲರಾಜು ಸರ್, ತಪ್ಪು ನಂದು. ಸರಿಯಾದ ಲೆಕ್ಕ ಇವರದ್ದು." ಹೇಳುವಾಗ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು, ಅವನ ಬಗ್ಗೆ.

ಚಿರಂಜೀವಿ ಅವಳನ್ನೇ ನೋಡಿದ. "ಸೋಮವಾರ ಹಂದನಕೆರೆಗೆ ಬತ್ತೀರಾ?"

"ಬೋರ್ ನೋಡಕ್ಕಾ?"

"ನಮ್ಮವ್ವನ್ನ ನೋಡಕ್ಕೆ."

"ಅವರಿಗೆ ಏನಂತ ಹೇಳ್ತೀರಿ?"

"ನನ್ನ ಸುಳ್ಳ ಅಂದೋಳು ಇವಳೇ ಕಣವ್ವ, ನಂಗೆ ಇವಳೇ ಬೇಕು ಅಂತೀನಿ."